ನಾಲ್ಕನೆಯ ಏಟು

ಸ್ಟುಡಿಯೋದ ಗೋಡೆಗೆ ಅಂಟಿಸಿದ ಸ್ಪಂಜಿನಲ್ಲಿ ಯಾರೋ ಬೆರಳಿಟ್ಟು ಒತ್ತಿದ ಗುಳಿ ಇನ್ನೂ ಹಾಗೇ ಇದೆ, ಹೋದ ವಾರವೂ ಇತ್ತು, ಸ್ಪಂಜು ಅಂದಮೇಲೆ ಒತ್ತಿದ್ದು ಮತ್ತೆ ಉಬ್ಬಬೇಕು, ಇದು ಉಬ್ಬುವುದಿಲ್ಲ, ಇಲ್ಲಿ ಎಲ್ಲವೂ ಹೀಗೆಯೇ, ನೋಡಲು ಮೆತ್ತಗೆ, ಮುಟ್ಟಿದರೆ ಹೆಣ — ಅಂದುಕೊಳ್ಳುತ್ತಾಳೆ ಅವಳು, ಸೋಫಾದ ಅಂಚಿನಲ್ಲಿ ಕೂತು, ಮಡಿಲಲ್ಲಿ ಕೈಚೀಲ, ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುವವಳ ಹಾಗೆ, ಉಗುರಿನ ಸಂದಿಯಲ್ಲಿ ಬೆಳಗಿನ ಗುಲಾಬಿ ಪುಡಿ, ಒಸಡಿನ ಬಣ್ಣದ್ದು, ಯಾರದೋ ಕೆಳದವಡೆಗೆ ಕಟ್ಟುವ ಹಲ್ಲಿನ ಸೆಟ್ಟು ಉಜ್ಜುವಾಗ ಹಾರಿದ್ದು, ತೊಳೆದರೂ ಹೋಗಿಲ್ಲ. ಗಡಿಯಾರ ಮೂರಕ್ಕೆ ಹತ್ತು ನಿಮಿಷ ತೋರಿಸುತ್ತಿದೆ, ಮೂರಕ್ಕೆ ತಮ್ಮ ಬರುತ್ತಾನೆ, ಐದಕ್ಕೆ ಹಾಡುಗಳು ರೆಕಾರ್ಡು ಒತ್ತುವ ಕಾರ್ಖಾನೆಗೆ ಹೋಗುತ್ತವೆ, ಹೋದವೆಂದರೆ ಹೋದವು, ಆಮೇಲೆ ಯಾರೂ ಏನೂ ಮಾಡುವಂತಿಲ್ಲ, ಸಾವಿರ ಕಪ್ಪು ತಟ್ಟೆಗಳ ಮೇಲೆ ಗೀರಿ ಕೂರುತ್ತವೆ. ನಡುವೆ ಇರುವುದು ಎರಡು ಗಂಟೆ. ಆ ಎರಡು ಗಂಟೆಯಲ್ಲಿ ತಮ್ಮ, ಹಾಡಿನಲ್ಲಿ ಕೇಳುವ ಡ್ರಮ್ಮು ತನ್ನದಲ್ಲ ಅಂತ ಪತ್ತೆ ಹಚ್ಚದಿದ್ದರೆ ಸಾಕು, ಅಥವಾ ಹಚ್ಚಿದರೆ ಸಾಕು, ಎರಡರಲ್ಲಿ ಯಾವುದು ಬೇಕು ಅಂತ ಅವಳಿಗೆ ಇನ್ನೂ ತಿಳಿದಿಲ್ಲ, ಮತ್ತು ಹೀಗೆ ತಿಳಿಯದೆ ಕೂತಿರುವ ತನ್ನನ್ನು ಕಂಡರೆ ಆ ಸ್ಪಂಜಿಗಿಂತ ಹೇಸಿಗೆಯಾಗುತ್ತದೆ. ಎದುರಿಗೆ ರೆಕಾರ್ಡಿಸ್ಟ್, ಬಿಳಿ ಬೂಟು, ಎಷ್ಟು ಬಿಳಿ ಅಂದರೆ ಆ ಮನುಷ್ಯ ರಸ್ತೆಯ ಮೇಲೆ ನಡೆದೇ ಇಲ್ಲ ಅನ್ನಿಸುತ್ತದೆ, ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳನ್ನು ಆಚೀಚೆ ಸರಿಸುತ್ತಾನೆ, ತರಕಾರಿ ಹೆಚ್ಚಿದ ಹಾಗೆ, ಮೇಡಂ ಟೀ ಹೇಳಲಾ ಅನ್ನುತ್ತಾನೆ, ಬೇಡ. ಗಿರಗಿರ ತಿರುಗುವ ಕುರ್ಚಿಯಲ್ಲಿ ಗಂಟಲು, ಅವರ ಬ್ಯಾಂಡಿನ ಹಾಡುಗಾರ, ಹನ್ನೊಂದು ವರ್ಷದಿಂದ ಊರಿಗೆಲ್ಲ ಅವನು ಗಂಟಲು, ಈಗ ಆ ಗಂಟಲಿಗೆ ಮಫ್ಲರು, ಹೊರಗೆ ಬೆವರು ಕಿತ್ತು ಬರುವ ಬಿಸಿಲು, ಒಳಗೆ ಇವನಿಗೆ ಮಫ್ಲರು ಮತ್ತು ಜೇನುತುಪ್ಪ ಹಾಕಿದ ಬಿಸಿನೀರು. ಕಿರುಚುವುದೇ ಕಸುಬಾಗಿದ್ದವನು, ಒಂದು ನಿಮಿಷದ ಹಾಡಿನಲ್ಲಿ ಉಸಿರೇ ತೆಗೆದುಕೊಳ್ಳದವನು, ಈಗ ಚಮಚದಿಂದ ಜೇನು ಕಲಕುತ್ತಾನೆ, ಟಿಣ್ ಟಿಣ್ ಟಿಣ್.

ಏನು ಹಲ್ಲಮ್ಮ, ಮುಖ ಯಾಕೆ ಹಾಗೆ ಊದಿಸಿಕೊಂಡಿದ್ದೀಯ, ಅನ್ನುತ್ತಾನೆ ಗಂಟಲು, ಮಾಸ್ಟರ್‌ಪೀಸ್ ಕಣೇ ಇದು, ಹಲ್ಲು ಬಿಡು ಸ್ವಲ್ಪ. ಮಾಸ್ಟರ್‌ಪೀಸಂತೆ. ಎರಡನೆಯ ಆಲ್ಬಮ್ಮಿಗೆ ಇವನಿಟ್ಟ ಹೆಸರು ಬೂದಿಯಿಂದ, ಯಾವ ಬೂದಿ, ಯಾರು ಸುಟ್ಟರು, ಕೇಳಿದರೆ ಅದೊಂದು ಭಾವ ಕಣೇ ಅನ್ನುತ್ತಾನೆ. ಮೊದಲನೆಯದರ ಹೆಸರು ಬಾಯಿ ಮುಚ್ಚು. ಅದರಲ್ಲಿ ಯಾವ ಭಾವವೂ ಇರಲಿಲ್ಲ, ಬಾಯಿ ಮುಚ್ಚು ಅಂದರೆ ಬಾಯಿ ಮುಚ್ಚು ಅಂತಲೇ ಅರ್ಥ, ಹದಿಮೂರು ಹಾಡು, ಹದಿನೇಳು ನಿಮಿಷ, ಸೈಕಲ್ ರಿಪೇರಿ ಅಂಗಡಿಯ ಅಟ್ಟದ ಮೇಲೆ ಒಂದೇ ಭಾನುವಾರ, ನಾಲ್ವರೂ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವ ಹಾಗೆ ನಿಂತು, ಎರಡೇ ಮೈಕು, ಕೆಳಗೆ ಯಾರೋ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಆರನೆಯ ಹಾಡಿನಲ್ಲಿ ಈಗಲೂ ಕೇಳಿಸುತ್ತದೆ. ತಪ್ಪಾದರೆ ಮತ್ತೆ ಮೊದಲಿನಿಂದ, ಅಷ್ಟೇ, ಸರಿಪಡಿಸುವ ಮಾತೇ ಇಲ್ಲ, ಸರಿಪಡಿಸಲು ಏನೂ ಬೇರೆಬೇರೆಯಾಗಿ ಇರಲಿಲ್ಲವಲ್ಲ. ಈ ಹಾರ್ಡ್‌ಕೋರ್ ಪಂಕ್ ಸಂಗೀತ ಅಂದರೇನೇ ಅದು ಅಂತ ವೇದಿಕೆಯ ಮೇಲೆ ಭಾಷಣ ಬಿಗಿಯುತ್ತಿದ್ದವನು ಇದೇ ಗಂಟಲು, ಪಾಲಿಶ್ ಮಾಡಿದವನು ನಮ್ಮವನಲ್ಲ ಅನ್ನುತ್ತಿದ್ದ, ಜನ ಕೂಗುತ್ತಿದ್ದರು, ಆ ಜನವೂ ಅಷ್ಟೇ, ಹತ್ತಾರು ಹುಡುಗರು, ಒಂದೇ ಥರ ಕರಿ ಅಂಗಿ ತೊಟ್ಟು, ನಾವು ಯಾರ ಹಾಗೂ ಇಲ್ಲ ಅಂತ ಒಂದೇ ದನಿಯಲ್ಲಿ ಕೂಗುವವರು. ಅವಳಿಗೆ ಅವರನ್ನು ಕಂಡರೂ ಅಷ್ಟಕ್ಕಷ್ಟೇ. ಅವಳು ಬಾಸ್ ಗಿಟಾರ್ ಹಿಡಿದು ಅವರಿಗೆ ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದಳು, ಅದನ್ನೂ ಒಂದು ಸೊಕ್ಕು, ಒಂದು ಶೈಲಿ ಅಂತ ಯಾರೋ ಹೊಗಳಿ ಬರೆದರು, ಮೂರ್ಖರು, ಅವಳು ಬೆನ್ನು ತಿರುಗಿಸುತ್ತಿದ್ದದ್ದು ತಮ್ಮನ ಕಡೆ ನೋಡಲು.

ಯಾಕೆಂದರೆ ಅವನದು ಮೂರೇ ಏಟು. ಲೋಕದಲ್ಲಿ ಡ್ರಮ್ಮರುಗಳೆಲ್ಲ ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸುತ್ತಾರೆ, ಟಕ್ ಟಕ್ ಟಕ್ ಟಕ್, ಆಮೇಲೆ ಹಾಡು. ತಮ್ಮ ಮೂರು ಹೊಡೆದು ಬಲಗೈಯ ಕೋಲನ್ನು ಮೇಲೆತ್ತಿ ಹಿಡಿಯುತ್ತಾನೆ, ಅಲ್ಲೇ ಗಾಳಿಯಲ್ಲಿ, ಅವಳನ್ನು ನೋಡುತ್ತಾನೆ, ಅವಳು ತಲೆಯಾಡಿಸಬೇಕು, ಆಗ ಕೋಲು ಇಳಿಯುತ್ತದೆ, ಇಬ್ಬರೂ ಒಟ್ಟಿಗೆ ಬೀಳುತ್ತಾರೆ, ಬಾವಿಗೆ ಬಿದ್ದ ಹಾಗೆ. ಅದು ಶೈಲಿಯೂ ಅಲ್ಲ ಮಣ್ಣೂ ಅಲ್ಲ, ಅಮ್ಮನ ನಿದ್ದೆ. ಅಮ್ಮ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು, ಹಗಲು ಹನ್ನೆರಡರ ತನಕ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದಳು, ಇವರಿಬ್ಬರದು ರಜೆಯ ದಿನ ವೈರು ಸಿಕ್ಕಿಸದ ಬಾಸು, ದಿಂಬಿನ ಡ್ರಮ್ಮು, ಮಂಚದ ಕಟ್ಟಿಗೆಗೆ ಕೋಲಿನಿಂದ ಎಣಿಕೆ, ಟಕ್ ಟಕ್ ಟಕ್, ನಾಲ್ಕನೆಯದಕ್ಕೆ ಗೋಡೆಯ ಆಚೆಯಿಂದ ಧಬ್ ಅಂತ ಅಮ್ಮನ ಗುದ್ದು, ಸಾಯ್ರೋ ಅತ್ಲಾಗೆ, ಮನುಷ್ಯರು ಮಲಗೋದು ಬೇಡವಾ. ಮತ್ತೊಮ್ಮೆ ಮಾಡಿ ನೋಡಿದರು, ಮತ್ತೆ ನಾಲ್ಕನೆಯದಕ್ಕೇ ಗುದ್ದು. ಅಕ್ಕ, ಮೂರಕ್ಕೆ ಅಮ್ಮ ಏಳಲ್ಲ ಕಣೆ, ನಾಲ್ಕಕ್ಕೆ ಏಳ್ತಾಳೆ, ಅಂದ ತಮ್ಮ, ಏಳು ವರ್ಷದ ವಿಜ್ಞಾನಿ, ಹಾಗಾದರೆ ನಾಲ್ಕನೆಯದು ನಿನ್ನದು, ನೀನು ತಲೆ ಅಲ್ಲಾಡಿಸು, ಸದ್ದಾಗಲ್ಲ. ಅಷ್ಟೇ ಕಥೆ. ಅಲ್ಲಿಂದ ಇಪ್ಪತ್ತೈದು ವರ್ಷ ಅವಳು ಆ ಏಟಿಗೆ ತಲೆಯಾಡಿಸಿದ್ದಾಳೆ, ಮದುವೆ ಛತ್ರದ ಹಿಂದಿನ ಕೋಣೆಗಳಲ್ಲಿ, ಗೋದಾಮುಗಳಲ್ಲಿ, ಜನರ ಬೆವರು ಚಾವಣಿಯಿಂದ ತೊಟ್ಟಿಕ್ಕುವ ನೆಲಮಾಳಿಗೆಗಳಲ್ಲಿ. ಕೇಳಲು ಬಂದ ಹೊಸಬರು ಮೂರಾದ ಕೂಡಲೇ ಎಗರಿಬಿಡುತ್ತಿದ್ದರು, ಹಳಬರು ಕಾಯುತ್ತಿದ್ದರು, ಆ ಒಂದು ಚಿಟಿಕೆ ಮೌನದಲ್ಲಿ ಇಡೀ ಕೋಣೆ ಅವಳ ಕತ್ತನ್ನೇ ನೋಡುತ್ತಿತ್ತು. ಜೆರಾಕ್ಸ್ ಮಾಡಿ ಹಂಚುವ ಪತ್ರಿಕೆಯೊಂದು ನಾಲ್ಕರ ತನಕ ಎಣಿಸಲು ಬಾರದ ಡ್ರಮ್ಮರ್ ಅಂತ ಬರೆದಿತ್ತು, ತಮ್ಮ ಅದನ್ನು ಕತ್ತರಿಸಿ ಊಟದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಂಡ, ಕೆಲಸದ ಜಾಗದಲ್ಲಿ ಡಬ್ಬಿ ತೆಗೆದಾಗೆಲ್ಲ ನಗು ಬರುತ್ತೆ ಅಂತ.

ಕೆಲಸವೆಂದರೆ ರಸ್ತೆ ಅಗೆಯುವುದು. ಕಂಪ್ರೆಸರಿನ ಡ್ರಿಲ್ಲು ಹಿಡಿದು ಡಾಂಬರು ಒಡೆಯುವ ಗ್ಯಾಂಗಿನಲ್ಲಿ ಒಂಬತ್ತು ವರ್ಷ, ದಿನಕ್ಕೆ ಆರು ತಾಸು ಆ ಯಂತ್ರ ಅವನ ಕೈಯನ್ನು ಗದಗದ ನಡುಗಿಸುತ್ತದೆ, ಈಗೀಗ ಯಂತ್ರ ನಿಂತರೂ ಕೈ ನಿಲ್ಲುವುದಿಲ್ಲ, ಟೀ ಲೋಟ ತುಟಿಗೆ ಹೋಗುವಷ್ಟರಲ್ಲಿ ತಟ್ಟೆ ಒದ್ದೆ, ಚಳಿಗೆ ಎರಡು ಬೆರಳು ಬೆಳ್ಳಗಾಗುತ್ತವೆ, ಮೇಣದ ಹಾಗೆ. ಅದೇನು ಅಂದರೆ ಏನಿಲ್ಲ ಬಿಡಕ್ಕ, ಮೂಗು ಸೋರಿದ ಹಾಗೆ, ಕೈ ಸೋರುತ್ತೆ, ಅನ್ನುತ್ತಾನೆ. ಹಾಗಾಗಿ ಹೋದ ವಾರ ಗಂಟಲು ಅವಳು ಹಲ್ಲು ಕಟ್ಟುವ ಲ್ಯಾಬಿಗೆ ಫೋನು ಮಾಡಿ, ನೋಡಮ್ಮ, ನಿನ್ನ ತಮ್ಮನ ಕೈ ಹೋಗಿದೆ, ಎರಡು ದಿನ ಬಾರಿಸಿದಾನೆ, ಒಂದು ಹಾಡೂ ಹೆಡ್‌ಫೋನಿನ ತಾಳದ ಗಡಿಯಾರಕ್ಕೆ ಕೂತಿಲ್ಲ, ಎಲ್ಲದರಲ್ಲೂ ಶುರುವೇ ಲೇಟು, ಆಮೇಲೆ ಹಿಡಿಯೋಕೆ ಓಡ್ತಾನೆ, ಅಂದಾಗ ಅವಳಿಗೆ ಸೋಜಿಗವಾಗಲಿಲ್ಲ. ರೆಕಾರ್ಡಿಸ್ಟು ಕಂಪ್ಯೂಟರಿನಲ್ಲಿ ಎಲ್ಲ ಸರಿ ಮಾಡ್ತಾನಂತೆ, ಪ್ರತಿ ಏಟನ್ನೂ ಎತ್ತಿ ಅದರದರ ಜಾಗಕ್ಕೆ ಕೂರಿಸ್ತಾನಂತೆ, ದನಿಯೂ ಬೇರೆ ಒಳ್ಳೆ ಡ್ರಮ್ಮಿಂದು ಹಾಕ್ತಾನಂತೆ, ಇವನಿಗೆ ಹೇಳೋದು ಬೇಡ, ಸುಮ್ಮನೆ ನೊಂದುಕೊಳ್ತಾನೆ, ವಕೀಲ ಆಗಲೇ ಒಪ್ಪಿದಾನೆ, ನೀನು ಅಕ್ಕ, ನೀನೊಂದು ಮಾತು ಹೂಂ ಅಂದರೆ ಮುಗೀತು. ವಕೀಲ ಎಂದರೆ ಗಿಟಾರಿನವನು, ವಾದ ಮಾಡಿ ಮಾಡಿ ಬಂದ ಹೆಸರು, ಅವನೂ ವಾದ ಮಾಡದೆ ಒಪ್ಪಿದ್ದಾನೆ ಅಂದಮೇಲೆ ಇನ್ನೇನು. ಅವಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಒಂದು ಕೋರೆಹಲ್ಲು, ತುದಿ ಉಜ್ಜುವುದು ಬಾಕಿ. ಹೂಂ ಅಂದಳು. ಸರಿ ಮಾಡಿ ಅಂದಳು. ಹಲ್ಲು ಉಜ್ಜುತ್ತಲೇ ಅಂದಳು.

ಮತ್ತು ಅವಳ ಎದುರಿನ ಮೇಜಿನಲ್ಲೇ ಲ್ಯಾಬಿನ ಯಜಮಾನರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಸುಬಿನ ಮೊದಲ ದಿನ ಅವಳಿಗೆ ಹೇಳಿದ್ದ ಮನುಷ್ಯ, ಸಂಜೆ ಕಾಲೇಜಿನಲ್ಲಿ ಕಲಿತದ್ದೆಲ್ಲ ಚೆನ್ನ ಕಣಮ್ಮ, ಆದರೆ ಅಳತೆಗೆ ಸರಿಯಾಗಿ ಕೂರಿಸಿದ ಹಲ್ಲನ್ನು ಯಾರೂ ನಂಬಲ್ಲ, ಮುಂದಿನ ಸಾಲಿನಲ್ಲಿ ಒಂದನ್ನು ಕೂದಲೆಳೆಯಷ್ಟು ವಾರೆ ಇಡು, ಆಗ ಆ ಬಾಯಿ ಅವರದೇ ಆಗುತ್ತೆ. ಹದಿನಾಲ್ಕು ವರ್ಷ ಅವಳು ಊರವರ ಬಾಯಲ್ಲೆಲ್ಲ ಒಂದೊಂದು ಹಲ್ಲು ವಾರೆ ಇಟ್ಟಿದ್ದಾಳೆ, ಅಳತೆಯ ಅಚ್ಚು ಕಣ್ಣಿಗೆ ಬೀಳದೆ ಒಂದು ಚೂರು ಮೇಣ ಮುಟ್ಟಿದವಳಲ್ಲ, ಅಚ್ಚು ಕಳಿಸಿ ಆಮೇಲೆ ಮಾತು ಅಂತ ದೊಡ್ಡ ದೊಡ್ಡ ಡಾಕ್ಟರುಗಳಿಗೇ ಹೇಳಿದವಳು. ತಮ್ಮನ ವಿಷಯಕ್ಕೆ ಮಾತ್ರ ಅಚ್ಚು ಕೇಳಲಿಲ್ಲ. ಅವನು ಬಾರಿಸಿದ್ದನ್ನು ಒಂದು ಸಲವೂ ಕೇಳದೆ ಹೂಂ. ಕೋಲೆಬಸವನಿಗಾದರೂ ಎದುರಿಗೊಬ್ಬ ಮನುಷ್ಯ ನಿಲ್ಲಬೇಕು, ಇವಳು ಫೋನಿಗೇ ತಲೆಯಾಡಿಸಿದಳು. ಯಾಕೆ ಕೇಳಲಿಲ್ಲ, ಕೇಳಿದರೆ ರಜೆ ಹಾಕಿ ಇಲ್ಲಿಗೆ ಬರಬೇಕಿತ್ತು, ಅದಕ್ಕೆ. ಈ ಸಲ ಒಬ್ಬೊಬ್ಬರೇ ಬಂದು ತಮ್ಮತಮ್ಮ ಪಾಲು ಮುಗಿಸಿ ಹೋಗಬಹುದು, ಸ್ಟುಡಿಯೋ ಅಂದರೆ ಹಾಗೇ, ಅಂತ ಗಂಟಲು ಹೇಳಿದಾಗ ಅವಳಿಗೆ ಹಿತವೇ ಆಗಿತ್ತು, ಎಷ್ಟು ಅನುಕೂಲ, ತಮ್ಮ ಸೋಮವಾರ ಮಂಗಳವಾರ, ಅವಳು ಗುರುವಾರ ಕೆಲಸ ಮುಗಿಸಿ ಬಂದಳು, ಕಿವಿಗೆ ಗಡಿಯಾರದ ಟಿಕ್ ಟಿಕ್ ಮತ್ತು ತೊಳೆದಿಟ್ಟ ಡ್ರಮ್ಮು, ಅದರ ಮೇಲೆ ಬಾಸು ನುಡಿಸಿದಳು, ಒಂದು ತಪ್ಪಿಲ್ಲ, ಮೇಡಂ ನೀವು ತುಂಬಾ ಪ್ರೊಫೆಷನಲ್ ಅಂದ ಬಿಳಿ ಬೂಟು, ಅವಳಿಗೆ ಖುಷಿಯಾಯಿತು, ಥೂ, ಖುಷಿಯಾಯಿತು, ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಆ ಖುಷಿ ಬಾಯಲ್ಲಿ ಪೆಪ್ಪರಮೆಂಟಿನ ಹಾಗೆ ಇತ್ತು. ಡ್ರಮ್ಮಿನ ಗಾಜಿನ ಕೋಣೆಯ ಕಡೆ ಅವತ್ತು ಅವಳು ತಿರುಗಿಯೂ ನೋಡಲಿಲ್ಲ, ನೋಡಲು ಅಲ್ಲಿ ಯಾರಿದ್ದರು.

ಬಾಗಿಲು. ಬಂದ, ತಮ್ಮ, ಕಿತ್ತಳೆ ಬಣ್ಣದ ಕೋಟು ಮಡಚಿ ಕಂಕುಳಲ್ಲಿ, ಬೂಟಿಗೆ ಡಾಂಬರು, ಬಿಳಿ ಬೂಟಿನ ಕಣ್ಣು ಮೊದಲು ಅಲ್ಲಿಗೇ ಹೋಯಿತು, ನೆಲಹಾಸಿನ ಮೇಲೆ, ತಮ್ಮ ಅದನ್ನು ಕಂಡು ಬಾಗಿಲಲ್ಲೇ ಬೂಟು ಕಳಚಿದ, ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಮೂರಕ್ಕೆ ಬಾ ಅಂದ್ರಿ, ಬಂದೆ, ಮೇಸ್ತ್ರಿ ಐದೂವರೆ ತನಕ ಬಿಟ್ಟಿದಾನೆ, ಅಕ್ಕ ನೀನು ಊಟ ಮಾಡಿದೆಯಾ. ಮಾಡಿದೆ ಕಣೋ. ಸುಳ್ಳು. ಬಾರಪ್ಪ ಬಾ, ಡ್ರಮ್ಮಿನ ದೊರೆ, ಕೂತ್ಕೋ, ನಿನ್ನ ಕೈಚಳಕ ನೀನೇ ಕೇಳು, ಅನ್ನುತ್ತಾನೆ ಗಂಟಲು, ಎಷ್ಟು ಸಲೀಸಾಗಿ ಅನ್ನುತ್ತಾನೆ, ಜೇನು ಕುಡಿದ ಗಂಟಲು, ಸುಳ್ಳು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ತಮ್ಮ ಸೋಫಾದ ಮೇಲೆ ಕೂರುವುದಿಲ್ಲ, ಪ್ಯಾಂಟು ಕೊಳೆ ಅಂತ, ನೆಲದ ಮೇಲೆ ಅವಳ ಕಾಲ ಬಳಿ ಕೂರುತ್ತಾನೆ, ನಡುಗುವ ಬಲಗೈಯನ್ನು ಎಡಗೈಯ ಕೆಳಗೆ ಇಟ್ಟುಕೊಂಡು, ಬೆಕ್ಕಿನ ಮರಿಯನ್ನು ಬಚ್ಚಿಟ್ಟ ಹಾಗೆ. ಅವನ ತಲೆಯ ಸುಳಿ ಅವಳಿಗೆ ಕಾಣುತ್ತದೆ, ಸುಳಿಯಲ್ಲಿ ಕಲ್ಲಿನ ಪುಡಿ, ಕೈ ಚಾಚಿ ಕೊಡವಬೇಕು ಅನ್ನಿಸುತ್ತದೆ, ಕೊಡವುವುದಿಲ್ಲ. ಹಾಕಲಾ, ಅಂದ ಬಿಳಿ ಬೂಟು. ಹಾಕಿ.

ಟಕ್ ಟಕ್ ಟಕ್ ಟಕ್.

ನಾಲ್ಕು, ಇದೇನಿದು ನಾಲ್ಕು — ಹಾಡು ಆಗಲೇ ಓಡುತ್ತಿದೆ, ಗಂಟಲು ತನ್ನದೇ ಕಿರುಚಾಟಕ್ಕೆ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದಾನೆ, ಅವಳಿಗೆ ಆ ನಾಲ್ಕು ಬಿಟ್ಟರೆ ಬೇರೇನೂ ಕೇಳಿಸುತ್ತಿಲ್ಲ, ಗುರುವಾರ ಅವಳ ಕಿವಿಗೆ ಈ ಎಣಿಕೆ ಹಾಕಿರಲೇ ಇಲ್ಲ, ಕೋಲಿನ ಸದ್ದು ಆಮೇಲೆ ಸೇರಿಸ್ತೀವಿ ಮೇಡಂ, ಹಳೇ ಅಭಿಮಾನಿಗಳಿಗೆ ಬೇಕಂತೆ ಅಂದಿದ್ದ ಬಿಳಿ ಬೂಟು, ಸೇರಿಸಿದ್ದಾನೆ, ಮೂರು ಏಟು ಕಂಡು ಪಾಪ ಒಂದು ಕಡಿಮೆ ಬಿದ್ದಿದೆ ಅಂತ ಮೂರನೆಯದನ್ನೇ ನಕಲು ಮಾಡಿ ನಾಲ್ಕನೆಯ ಜಾಗಕ್ಕೆ ಅಂಟಿಸಿದ್ದಾನೆ, ಬಿದ್ದ ಹಲ್ಲಿನ ಸಂದಿ ತುಂಬಿದ ಹಾಗೆ, ಎಷ್ಟು ಅಚ್ಚುಕಟ್ಟು. ಅವಳ ಜಾಗ ಅದು. ಮತ್ತು ಗಂಟಲಿಗೆ ಗೊತ್ತೇ ಆಗಿಲ್ಲ, ಹನ್ನೊಂದು ವರ್ಷ ಅದೇ ವೇದಿಕೆಯ ಮೇಲೆ ನಿಂತವನಿಗೆ, ಹೇಗೆ ಗೊತ್ತಾಗಬೇಕು, ಅವನು ಯಾವತ್ತು ಹಿಂದೆ ತಿರುಗಿ ನೋಡಿದ್ದ, ಅವನಿಗೆ ಜನ ಕಂಡರೆ ಸಾಕು. ಎರಡನೆಯ ಹಾಡು, ಟಕ್ ಟಕ್ ಟಕ್ ಟಕ್. ತಮ್ಮನ ಸುಳಿ ಅಲ್ಲಾಡಲಿಲ್ಲ. ಮೂರನೆಯದು. ನಾಲ್ಕನೆಯದು. ಹದಿನಾಲ್ಕು ಹಾಡು, ಇಪ್ಪತ್ತೊಂದು ನಿಮಿಷ, ಡ್ರಮ್ಮು ಹೊಲಿಗೆ ಯಂತ್ರದ ಹಾಗೆ ಓಡಿತು, ಬೇಸರವಿಲ್ಲ, ಬೆವರಿಲ್ಲ, ಕೊನೆಯ ಮೂರು ಹಾಡಿನಲ್ಲಿ ಯಾವ ಮನುಷ್ಯನ ಕೈಯಾದರೂ ಸೋಲಬೇಕು, ಸೋಲಲಿಲ್ಲ, ಮತ್ತು ಅದರ ಪಕ್ಕದಲ್ಲಿ ಅವಳ ಬಾಸು, ಒಂದು ತಪ್ಪಿಲ್ಲದೆ, ಬಾಲ ಮುದುರಿಕೊಂಡು ಹಿಂದೆ ಹಿಂದೆ. ಅವಳು ಗೋಡೆಯ ಗುಳಿಯನ್ನು ನೋಡುತ್ತಿದ್ದಳು, ಉಬ್ಬು, ಉಬ್ಬು ಅಂತ, ಹುಚ್ಚಿಯ ಹಾಗೆ.

ಮುಗಿಯಿತು. ಹೇಗಿದೆ ದೊರೆ, ಅಂದ ಗಂಟಲು. ತಮ್ಮ ತನ್ನ ಕೈಗಳನ್ನು ನೋಡಿಕೊಂಡ. ಚೆನ್ನಾಗಿದೆ, ಅಂದ. ನಾಲ್ಕಿದೆಯಲ್ಲ, ಅಂದ. ಏನು ನಾಲ್ಕು. ಕೋಲು. ಅದಾ, ಅದು ಇವರು ಕ್ಲೀನ್ ಮಾಡಿದ್ದು ಕಣೋ, ಎಲ್ಲರೂ ಮಾಡ್ತಾರೆ, ದೊಡ್ಡ ದೊಡ್ಡವರೇ ಮಾಡಿಸ್ತಾರೆ, ಸಣ್ಣಪುಟ್ಟ ರಿಪೇರಿ. ಬರೀ ಕೋಲಾ, ಎಲ್ಲಾನೂ ಅಲ್ಲವಾ, ಇದು ನನ್ನ ಡ್ರಮ್ಮಿನ ದನೀನೂ ಅಲ್ಲ, ಅಂತ ತಮ್ಮ ಹೇಳಿದ್ದು ಎಷ್ಟು ಮೆತ್ತಗೆ ಅಂದರೆ ಕೇಳಿಸಲೆಂದು ಬಿಳಿ ಬೂಟು ಯಂತ್ರದ ಫ್ಯಾನು ಆರಿಸಿದ. ಯಾರು ಹೇಳಿದ್ದು ಮಾಡಿ ಅಂತ, ಅಂದ ತಮ್ಮ. ಗಂಟಲು ಲೋಟದೊಳಗೆ ನೋಡಿದ, ಆಮೇಲೆ ಅವಳ ಕಡೆ ನೋಡಿದ, ಆ ನೋಟದಲ್ಲೇ ಹೇಳಿ ಕೈ ತೊಳೆದುಕೊಂಡ, ಹೇಡಿ, ಆದರೆ ಅವನು ಹೇಡಿ ಅಂತ ಬೈದು ತಾನು ಏನಾಗುತ್ತಾಳೆ. ನಾನು ಕಣೋ, ಅಂದಳು. ನಾನೇ ಸರಿ ಮಾಡಿ ಅಂದೆ.

ಅವನು ಕೂಗಾಡಿದ್ದರೆ ಆಗುತ್ತಿತ್ತು, ಆ ಲೋಟ ತೆಗೆದು ಗಾಜಿಗೆ ಎಸೆದಿದ್ದರೆ ಆಗುತ್ತಿತ್ತು, ಅಂಥ ಹಾಡುಗಳನ್ನೇ ಅಲ್ಲವೇ ಇವರೆಲ್ಲ ಮಾಡುವುದು, ಒಡೆ, ಕೆಡವು, ಉಗಿ ಅಂತ, ಒಬ್ಬನಾದರೂ ಒಂದು ಲೋಟ ಒಡೆಯಬಾರದೇ. ತಮ್ಮ ತಲೆ ಕೆರೆದುಕೊಂಡ, ಕಲ್ಲಿನ ಪುಡಿ ಉದುರಿತು. ನೀನಾ, ಅಂದ. ಸರಿ ಬಿಡು ಹಾಗಾದ್ರೆ. ಕೈ ಸರಿಯಿಲ್ಲ, ನಂಗೂ ಗೊತ್ತು. ನೀನು ಕೇಳಿ ನೋಡಿನೇ ಹೇಳಿರ್ತೀಯ. ಕಳಿಸಿ ಸರ್, ಐದಕ್ಕೆ ಅಲ್ಲವಾ, ಅಂತ ಎದ್ದು ಬಾಗಿಲ ಬಳಿ ಹೋಗಿ ಬೂಟಿನ ಲೇಸು ಕಟ್ಟಲು ಬಗ್ಗಿದ, ಬಲಗೈ ನಡುಗಿ ಗಂಟು ಜಾರಿತು, ಮತ್ತೆ ಕಟ್ಟಿದ, ಮತ್ತೆ ಜಾರಿತು. ಕೇಳಿ ನೋಡಿನೇ ಹೇಳಿರ್ತೀಯ. ಅಷ್ಟೊಂದು ತಿರಸ್ಕಾರ ಕೂಡಿಟ್ಟುಕೊಂಡು ಬಂದಿದ್ದಳಲ್ಲ, ಮಫ್ಲರಿಗಿಷ್ಟು, ಬೂಟಿಗಿಷ್ಟು, ಸ್ಪಂಜಿಗಿಷ್ಟು ಅಂತ ಹಂಚುತ್ತಿದ್ದಳಲ್ಲ, ಎಲ್ಲವೂ ಒಟ್ಟಿಗೆ ತಿರುಗಿ ಅವಳ ಮೇಲೇ ಬಂತು. ಸ್ವಲ್ಪ ತಡಿ, ಅಂದಳು ತಮ್ಮನಿಗೆ. ಬಿಳಿ ಬೂಟಿಗೆ ಅಂದಳು, ಇವನು ಬಾರಿಸಿದ್ದು ಇದೆಯಾ, ಮುಟ್ಟದೇ ಇರೋದು. ಇದೆ ಮೇಡಂ, ಒಂದು ಗುಂಡಿ ಒತ್ತಿದರೆ ಬರುತ್ತೆ, ಆದರೆ ಅದನ್ನ ಕೇಳಿ ಏನು ಮಾಡ್ತೀರಿ. ಹಾಕಿ. ಏ ಹಲ್ಲಮ್ಮ, ಟೈಮಿಲ್ಲ ಕಣೇ, ಮುಗಿದಿದ್ದನ್ನ ಯಾಕೆ ಕೆದಕ್ತೀಯ, ಅವನೇ ಒಪ್ಪಿದಾನಲ್ಲ. ಹಾಕಿ ಅಂದೆ.

ಮೊದಲು ಬರೀ ಕೋಣೆಯ ಸದ್ದು, ಯಾರೋ ಸ್ಟೂಲು ಸರಿಸಿದ್ದು, ಹಳೆಯ ಡ್ರಮ್ಮಿನ ತಗಡು ಜುಂ ಅಂದದ್ದು. ಆಮೇಲೆ ತಮ್ಮನ ದನಿ, ದೂರದಿಂದ, ಡ್ರಮ್ಮಿಗೆ ಇಟ್ಟ ಮೈಕು ಹಿಡಿದದ್ದು, ಅಕ್ಕ ಎಲ್ಲಿ. ಬಿಳಿ ಬೂಟಿನ ದನಿ, ಅವರು ಗುರುವಾರ ಬರ್ತಾರೆ, ನೀವು ಒಬ್ಬರೇ ಬಾರಿಸೋದು. ಒಬ್ಬನೇನಾ. ಹೌದು, ಕಿವಿಯಲ್ಲಿ ಟಿಕ್ ಟಿಕ್ ಬರುತ್ತೆ, ಅದನ್ನ ಹಿಡಿದು ಹೋಗಿ. ಸರಿ. ಟಕ್ ಟಕ್ ಟಕ್. ಮತ್ತೆ ಏನೂ ಇಲ್ಲ. ಸ್ಟೂಲು ಕಿರ್ ಅಂತು. ಉಸಿರು. ಒಂದು, ಎರಡು, ಅಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಡ್ರಮ್ಮು ಬಿತ್ತು, ಎದ್ದುಬಿದ್ದು, ಬಸ್ಸು ತಪ್ಪಿದವನು ಓಡಿದ ಹಾಗೆ. ನೋಡಿದ್ರಾ, ಇಲ್ಲೇ ಮೇಡಂ, ಶುರುವೇ ಲೇಟು, ಅಂತ ಬಿಳಿ ಬೂಟು ಪರದೆಯ ಮೇಲೆ ಆ ಖಾಲಿ ಜಾಗವನ್ನು ಬೆರಳಲ್ಲಿ ತೋರಿಸಿದ. ಅವಳು ನೋಡಿದಳು. ಗಾಜಿನ ಆಚೆ ಆ ಕೋಣೆ, ಡ್ರಮ್ಮು ಬಿಚ್ಚಿ ಒಯ್ದಾಗಿದೆ, ಸ್ಟೂಲು ಒಂದೇ ಇದೆ, ಸ್ಟೂಲಿನ ಮೇಲೆ ಕೂತವನಿಗೆ ಗಾಜಿನಿಂದ ಈಚೆ ನೇರವಾಗಿ ಕಾಣುವುದು ಈ ಸೋಫಾದ ಅಂಚು, ಅವಳು ಈಗ ಕೂತಿರುವ ಜಾಗ. ಮುಂದಿನದು ಹಾಕಿ. ಟಕ್ ಟಕ್ ಟಕ್, ಖಾಲಿ, ಸ್ಟೂಲು ಕಿರ್. ಬಿಳಿ ಬೂಟಿನ ದನಿ, ಅಲ್ಲಿ ಯಾಕೆ ನಿಲ್ತೀರಿ ಸರ್. ತಮ್ಮನ ದನಿ, ಏನಿಲ್ಲ, ಅಭ್ಯಾಸ. ಮುಂದಿನದು. ಕೊನೆಯದು ಹಾಕಿ, ಹದಿನಾಲ್ಕನೆಯದು, ಎರಡನೆಯ ದಿನದ ಸಂಜೆ, ಅಷ್ಟು ಹೊತ್ತಿಗೆ ಇನ್ನೂರು ಸಲ ಬಾರಿಸಿರುತ್ತಾನೆ, ಕೈ ಸತ್ತಿರುತ್ತದೆ, ಇಷ್ಟು ಹೊತ್ತಿಗಾದರೂ ಕಾಯುವುದು ಬಿಟ್ಟಿರಬೇಕು, ದೇವರೇ ಬಿಟ್ಟಿರಲಿ — ಟಕ್ ಟಕ್ ಟಕ್. ಖಾಲಿ.

ಕೈಯಲ್ಲ, ಕೈ ಸೋತಿರಬಹುದು ಕೊನೆಯ ಮೂರರಲ್ಲಿ, ಸೋಲಲಿ, ಆದರೆ ಶುರುವಿನಲ್ಲಿ ಲೇಟಾದದ್ದು ಕೈಯಲ್ಲ, ಹದಿನಾಲ್ಕು ಹಾಡಿಗೂ ಅವನು ಮೂರು ಹೊಡೆದು ಕಾದಿದ್ದಾನೆ, ಯಾರೂ ಇಲ್ಲ ಅಂತ ಗೊತ್ತಿದ್ದೂ ಕಾದಿದ್ದಾನೆ, ಹೇಳಿದರೂ ಕಾದಿದ್ದಾನೆ, ಆ ಹೊತ್ತಿನಲ್ಲಿ ಇವಳು ಎಲ್ಲಿ, ಯಾರದೋ ಬಾಯಿಗೆ ಹಲ್ಲು ಉಜ್ಜುತ್ತಾ, ಆಮೇಲೆ ಫೋನಿಗೆ ಹೂಂ ಅನ್ನುತ್ತಾ. ಮೇಡಂ, ನಾಲ್ಕೂ ಕಾಲಾಯ್ತು, ಕಳಿಸಲಾ, ಅನ್ನುತ್ತಾನೆ ಬಿಳಿ ಬೂಟು. ಕಳಿಸಬೇಡಿ, ಅನ್ನುತ್ತಾಳೆ ಅವಳು. ಏನು, ಏನಂದೆ, ತಲೆ ಕೆಟ್ಟಿದೆಯಾ ನಿಂಗೆ, ಗಂಟಲು ಎದ್ದು ನಿಂತಿದ್ದಾನೆ, ಮಫ್ಲರು ಕೆಳಗೆ ಬಿದ್ದಿದೆ, ಈಗ ಕಿರುಚುತ್ತಿದ್ದಾನೆ, ಕಾರ್ಖಾನೆ ಅನ್ನುತ್ತಾನೆ, ವಕೀಲ ಅನ್ನುತ್ತಾನೆ, ಇನ್ನು ನಾಲ್ಕು ತಿಂಗಳು ಸರದಿ ಸಿಗಲ್ಲ ಅನ್ನುತ್ತಾನೆ, ಪರವಾಗಿಲ್ಲ, ಒಳ್ಳೆಯ ಕಿರುಚಾಟ, ಹಳೆಯ ಗಂಟಲು, ಅಟ್ಟದ ಮೇಲಿನದು, ಆದರೆ ಅದು ಎಲ್ಲೋ ದೂರ, ಗೋಡೆಯ ಆಚೆ, ಅಮ್ಮ ಗುದ್ದಿದ ಹಾಗೆ. ಬಾಗಿಲ ಬಳಿ ತಮ್ಮ ಬಗ್ಗಿದವನು ಬಗ್ಗಿಯೇ ಇದ್ದಾನೆ, ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ, ಅವಳನ್ನು ನೋಡುತ್ತಿಲ್ಲ, ನೋಡೋ, ಒಂದು ಸಲ ಈ ಕಡೆ ನೋಡೋ, ಅವನು ಲೇಸನ್ನೇ ನೋಡುತ್ತಿದ್ದಾನೆ, ಕಿವಿ ಮಾತ್ರ ಕೆಂಪಾಗಿದೆ, ಮತ್ತು ಅವಳಿಗೆ ಕಾಣುವುದು ಅವನಲ್ಲ, ಗಾಜಿನ ಆಚೆ ಸೋಮವಾರ ಕೂತವನು, ಬೆಳ್ಳಗಾದ ಎರಡು ಬೆರಳು, ಮೂರು ಆಯಿತು, ಕೋಲು ಮೇಲೆ, ಕಣ್ಣು ಈ ಖಾಲಿ ಸೋಫಾದ ಮೇಲೆ, ಕೋಲು ನಡುಗುತ್ತಿದೆ, ಇಳಿಯುತ್ತಿಲ್ಲ, ಅವಳು ತಲೆಯಾಡಿಸುತ್ತಾಳೆ, ಈಗ, ತಡವಾಗಿ, ಯಾರಿಗೂ ಅಲ್ಲದೆ, ಮತ್ತೆ ಆಡಿಸುತ್ತಾಳೆ, ಟಕ್ ಟಕ್ ಟಕ್, ಕೋಲು ಮೇಲೆ, ಅಲ್ಲೇ, ಗಾಳಿಯಲ್ಲಿ, ಕೋಲು ಮೇಲೆ —